ಕರುಳಿನ ಸೂಕ್ಷ್ಮಜೀವಿಗಳೂ ಯಕೃತ್ತೂ: ಒಂದು ಸಂಶಯದ ಇತಿಹಾಸ

ಯಕೃತ್ತಿನ ರೋಗವು ಬಲಿತವರಲ್ಲಿ ಕೆಲವರಿಗೆ ಚಿತ್ತವಿಭ್ರಮವುಂಟಾಗುವುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಹಗಲು ನಿದ್ದೆ, ಇರುಳು ಎಚ್ಚರ. ಮನೆಯವರ ಹೆಸರು ಮರೆಯುವುದು. ಕೈಗಳನ್ನು ಮುಂದೆ ಚಾಚಿ ಹಿಡಿಯೆಂದರೆ ಮಣಿಕಟ್ಟು ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುವುದು. ಕೊನೆಗೆ ಪ್ರಜ್ಞೆಯೇ ತಪ್ಪುವುದು. ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನವರು ಈ ಅವಸ್ಥೆಗೆ ಬಂದಾಗ, ವೈದ್ಯರು ಮೆದುಳಿಗೆಂದು ಯಾವ ಔಷಧವನ್ನೂ ಕೊಡಲಿಲ್ಲ. ಹೊಟ್ಟೆ ಸಡಿಲಿಸುವ ಸಿಹಿಯಾದ ಒಂದು ಪಾನಕವನ್ನೂ ಕರುಳಿನ ಬ್ಯಾಕ್ಟೀರಿಯಗಳನ್ನು ಅಡಗಿಸುವ ಗುಳಿಗೆಗಳನ್ನೂ ಬರೆದುಕೊಟ್ಟರು. “ಬುದ್ಧಿ ಕದಡಿದವರಿಗೆ ಭೇದಿಯ ಮದ್ದೇ?” ಎಂದು ಅತ್ತೆಯವರು ಕೇಳಿದರು. ಮೂರನೆಯ ದಿನ ಮಾವನವರು ಅವರನ್ನು ಹೆಸರು ಹಿಡಿದು ಕರೆದರು. ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಪ್ರಕೃತ ಲೇಖಕನು ವೈದ್ಯಶಾಸ್ತ್ರವನ್ನು ಅಭ್ಯಸಿಸಿದವನಲ್ಲ; ಇತಿಹಾಸದ ಅಧ್ಯಾಪಕ. ಆದುದರಿಂದ ಆ ಪ್ರಶ್ನೆಗೆ ಉತ್ತರವನ್ನು ನನಗೆ ತಿಳಿದ ದಾರಿಯಲ್ಲಿಯೇ, ಅಂದರೆ ಆ ವಿಚಾರವು ಹೇಗೆ ಬೆಳೆದುಬಂದಿತೆಂಬುದನ್ನು ನೋಡುವ ಮೂಲಕ, ಹುಡುಕಿದೆನು.

ಮೊದಲು ದೇಹರಚನೆಯ ಒಂದು ಅಂಶವನ್ನು ನೆನೆಯಬೇಕು. ಶರೀರದ ಇತರ ಅಂಗಗಳಿಗೆ ರಕ್ತವು ಬರುವುದು ಧಮನಿಗಳಿಂದ. ಯಕೃತ್ತಿಗಾದರೋ ಎರಡು ದಾರಿಗಳಿವೆ. ಅದಕ್ಕೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಧಮನಿಯಿಂದ ಬರದೆ, ಕರುಳು, ಜಠರ, ಗುಲ್ಮಗಳನ್ನು ಸುತ್ತಿ ಬಂದ ಸಿರೆಯೊಂದರಿಂದ ಬರುತ್ತದೆ. ಯಕೃತ್ತಿನ ಬಾಗಿಲಲ್ಲಿ ಒಳಹೊಗುವ ಈ ಸಿರೆಗೆ ಪ್ರಾಚೀನ ಗ್ರೀಕರು ‘ಬಾಗಿಲು’ ಎಂಬರ್ಥದ ಹೆಸರನ್ನೇ ಕೊಟ್ಟಿದ್ದರು. ನಾವೂ ಅದನ್ನು ದ್ವಾರಸಿರೆ ಎನ್ನೋಣ. ನಾವು ಉಂಡ ಅನ್ನದ ಸಾರವೆಲ್ಲ, ಕೊಬ್ಬಿನ ಬಹುಭಾಗವೊಂದನ್ನುಳಿದು, ಈ ದಾರಿಯಾಗಿ ಮೊದಲು ಯಕೃತ್ತನ್ನು ಸೇರಿ ಅಲ್ಲಿಂದ ಮುಂದಕ್ಕೆ ಹೋಗತಕ್ಕದ್ದು. ಆದರೆ ಕರುಳಿನಲ್ಲಿರುವುದು ಅನ್ನಸಾರವೊಂದೇ ಅಲ್ಲ. ೨೦೧೬ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಮಾಡಿದ ಒಂದು ಎಣಿಕೆಯಂತೆ, ಒಬ್ಬ ಸಾಧಾರಣ ಪುರುಷನ ದೇಹದಲ್ಲಿರುವ ಬ್ಯಾಕ್ಟೀರಿಯಗಳು ಸುಮಾರು ೩೮ ಲಕ್ಷ ಕೋಟಿ. ಅವನ ಸ್ವಂತ ಜೀವಕೋಶಗಳು ಸುಮಾರು ೩೦ ಲಕ್ಷ ಕೋಟಿ. ಆ ಬ್ಯಾಕ್ಟೀರಿಯಗಳಲ್ಲಿ ಬಹುತೇಕ ಎಲ್ಲವೂ ಇರುವುದು ದೊಡ್ಡ ಕರುಳಿನಲ್ಲಿ. ಇವುಗಳಿಗೂ ರಕ್ತಕ್ಕೂ ನಡುವೆ ಇರುವ ತಡೆ ಲೋಳೆಯ ಪದರವೊಂದು, ಅದರ ಹಿಂದೆ ಒಂದೇ ಸಾಲು ಜೀವಕೋಶ. ಈ ತಡೆಯನ್ನು ದಾಟಿ ಏನೇ ಬಂದರೂ ಅದು ಮೊದಲು ಎದುರುಗೊಳ್ಳುವ ಅಂಗ ಯಕೃತ್ತು.

ಯಕೃತ್ತಿನ ಗೌರವ ಒಂದೊಂದು ಯುಗದಲ್ಲಿ ಒಂದೊಂದು ಪ್ರಮಾಣದ್ದು. ಎರಡನೆಯ ಶತಮಾನದ ಗ್ಯಾಲನನ ಮತದಲ್ಲಿ ಅನ್ನರಸವು ದ್ವಾರಸಿರೆಯಿಂದ ಬಂದು ಯಕೃತ್ತಿನಲ್ಲಿ ರಕ್ತವಾಗಿ ಪರಿಣಮಿಸುತ್ತಿತ್ತು. ಯಕೃತ್ತೇ ದೇಹದ ಪ್ರಭು. ಈ ಮತವು ಸಾವಿರದ ಮುನ್ನೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ೧೬೨೮ರಲ್ಲಿ ಹಾರ್ವೆಯು ರಕ್ತಪರಿಚಲನೆಯನ್ನು ಸ್ಥಾಪಿಸಿದ ಮೇಲೆ, ಮತ್ತು ಅನ್ನರಸದ ಒಂದಂಶವು ಬೇರೆ ನಾಳಗಳಲ್ಲಿ ಹರಿಯುವುದು ಕಂಡುಬಂದ ಮೇಲೆ, ಡೆನ್ಮಾರ್ಕಿನ ತಾಮಸ್ ಬಾರ್ತೋಲಿನ್ ೧೬೫೩ರಲ್ಲಿ ಯಕೃತ್ತಿಗೆ ಒಂದು ಚರಮಲೇಖವನ್ನೇ ಬರೆದುಬಿಟ್ಟನು. ರಾಜ್ಯಭ್ರಷ್ಟವಾದ ಈ ಅಂಗವು ಪಿತ್ತವನ್ನು ಸುರಿಸುವುದಲ್ಲದೆ ಮತ್ತೇನು ಮಾಡುತ್ತದೆಂಬುದು ಮುಂದೆ ಎರಡು ಶತಮಾನ ಕಾಲ ಅಸ್ಪಷ್ಟವಾಗಿಯೇ ಉಳಿಯಿತು.

ನಮ್ಮ ವಿಷಯದ ನಿಜವಾದ ಆರಂಭ ೧೮೭೭ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ನಿಕೊಲಾಯ್ ಎಕ್ ಎಂಬ ಸೈನ್ಯದ ವೈದ್ಯನು ನಾಯಿಗಳಲ್ಲಿ ದ್ವಾರಸಿರೆಯನ್ನು ಯಕೃತ್ತಿನ ಹೊರಗೇ ಇರುವ ಮಹಾಸಿರೆಗೆ ಹೊಲಿದು, ಕರುಳಿನ ರಕ್ತವು ಯಕೃತ್ತನ್ನು ಮುಟ್ಟದೆ ನೇರವಾಗಿ ಹೃದಯದ ಕಡೆಗೆ ಹೋಗುವಂತೆ ಮಾಡಿದನು. ಹೊಟ್ಟೆಯಲ್ಲಿ ನೀರು ತುಂಬುವ ರೋಗಿಗಳಿಗೆ ಇದು ಚಿಕಿತ್ಸೆಯಾದೀತೆಂಬುದು ಅವನ ಆಸೆ. ಅವನು ಶಸ್ತ್ರಕ್ರಿಯೆ ಮಾಡಿದ್ದು ಎಂಟು ನಾಯಿಗಳಿಗೆ. ಏಳು ಬಹುಬೇಗ ಸತ್ತವು. ಎಂಟನೆಯದು ಎರಡೂವರೆ ತಿಂಗಳು ಬದುಕಿದ್ದು, ಬಳಿಕ ಪ್ರಯೋಗಶಾಲೆಯಿಂದ ಓಡಿಹೋಯಿತು. ಈ ಆಧಾರದ ಮೇಲೆ ಎಕ್‌ನು, ಶಸ್ತ್ರಕ್ರಿಯೆಯಿಂದ ಕೇಡಾಗುವುದೆಂಬ ಮುಖ್ಯ ಆಕ್ಷೇಪಣೆ ನಿವಾರಣೆಯಾಯಿತೆಂದು ಬರೆದನು! ಓಡಿಹೋದ ಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದು ಇತಿಹಾಸಕಾರರಲ್ಲಿಯೂ ಇಲ್ಲದ ದೋಷವಲ್ಲ. ಆದುದರಿಂದ ಎಕ್‌ನನ್ನು ನಾವು ಹೆಚ್ಚು ಹಳಿಯಬೇಕಾಗಿಲ್ಲ.

ಅದೇ ನಗರದಲ್ಲಿ ಪಾವ್ಲೊವ್, ನೆಂಟ್ಸ್ಕಿ ಮತ್ತವರ ಸಂಗಡಿಗರು ಇದೇ ಶಸ್ತ್ರಕ್ರಿಯೆಯನ್ನು ಹೆಚ್ಚು ಎಚ್ಚರಿಕೆಯಿಂದ ಮಾಡಿ, ೧೮೯೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬದುಕುಳಿದ ನಾಯಿಗಳ ಸ್ವಭಾವವೇ ಬದಲಾಗಿತ್ತು. ಸಾಧುವಾಗಿದ್ದವು ಕಚ್ಚಲು ಬರುತ್ತಿದ್ದವು, ತೂರಾಡುತ್ತ ನಡೆಯುತ್ತಿದ್ದವು, ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತಿದ್ದವು, ಕೆಲವು ಸೆಳೆತ ಬಂದು ಮೂರ್ಛೆಹೋಗುತ್ತಿದ್ದವು. ಮುಖ್ಯವಾಗಿ, ಈ ಲಕ್ಷಣಗಳು ಮಾಂಸವನ್ನು ತಿಂದ ಮೇಲೆ ಕೆರಳುತ್ತಿದ್ದವು. ನಾಯಿಗಳೇ ಕ್ರಮೇಣ ಮಾಂಸವನ್ನು ಒಲ್ಲದಾದವೆಂದೂ ಅವರು ಗಮನಿಸಿದರು. ಪ್ರೋಟೀನು ಕರುಳಿನಲ್ಲಿ ಒಡೆದಾಗ ಹುಟ್ಟುವ ಅಮೋನಿಯ ಮುಂತಾದ ಪದಾರ್ಥಗಳನ್ನು ಯಕೃತ್ತು ಯೂರಿಯವಾಗಿ ಮಾರ್ಪಡಿಸಿ ನಿರ್ವಿಷಗೊಳಿಸುತ್ತದೆ, ಆ ಕಾವಲನ್ನು ತಪ್ಪಿಸಿದರೆ ವಿಷವು ಮೆದುಳನ್ನು ಮುಟ್ಟುತ್ತದೆ ಎಂಬ ಅರ್ಥ ಅದರಿಂದ ಹೊರಟಿತು. ಸತ್ತುಹೋಗಿದ್ದ ಪ್ರಭುವು ಈ ಸಾರಿ ದ್ವಾರಪಾಲಕನಾಗಿ ಮರಳಿ ಬಂದನು.

ಇಲ್ಲಿಂದ ಮುಂದೆ ವಿಚಾರವು ನೆಟ್ಟಗೆ ಸಾಗಿತೆಂದು ಭಾವಿಸಬಾರದು. ಅದೇ ಕಾಲದಲ್ಲಿ ಯೂರೋಪಿನಲ್ಲಿ ಇನ್ನೊಂದು ವಾದವು ಹಬ್ಬಿತ್ತು. ಪ್ಯಾರಿಸಿನ ಷಾರ್ಲ್ ಬೂಶಾರ್ ೧೮೮೭ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ, ಕರುಳಿನಲ್ಲಿ ಕೊಳೆಯುವ ಪದಾರ್ಥದಿಂದ ದೇಹವು ತನ್ನನ್ನು ತಾನೇ ವಿಷಪೂರಿತಗೊಳಿಸಿಕೊಳ್ಳುತ್ತದೆಂದು ಸಾರಿದನು. ಭಕ್ಷಕ ಕೋಶಗಳನ್ನು ಕಂಡುಹಿಡಿದು ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮೆಚ್ನಿಕಾಫನು, ಮುಪ್ಪಿಗೂ ಇದೇ ಕಾರಣವೆಂದು ನಂಬಿ ಹುಳಿ ಮೊಸರನ್ನು ಹೊಗಳಿದನು. ಲಂಡನ್ನಿನ ಶಸ್ತ್ರವೈದ್ಯ ಆರ್ಬತ್ನಾಟ್ ಲೇನ್ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದನು. ತಲೆನೋವು, ಆಲಸ್ಯ, ಬೇಸರ ಎಲ್ಲವೂ ಕರುಳಿನ ವಿಷದಿಂದಲೇ! ೧೯೧೯ರಲ್ಲಿ ಅಮೆರಿಕದ ವಾಲ್ಟರ್ ಆಲ್ವರೆಜ್, ಈ ತೊಂದರೆಗಳು ಮಲಬದ್ಧತೆ ನೀಗಿದ ತತ್‌ಕ್ಷಣವೇ ಮಾಯವಾಗುವುದನ್ನು ಎತ್ತಿ ತೋರಿಸಿ, ವಿಷವಾಗಿದ್ದರೆ ಅಷ್ಟು ಬೇಗ ಹೋಗಲಾರದು, ಇದು ಕರುಳು ಬಿಗಿಯುವುದರ ಪರಿಣಾಮವಷ್ಟೆ ಎಂದು ವಾದಿಸಿದನು. ವಾದವು ಬಿದ್ದಿತು. ಬೀಳುವಾಗ ತನ್ನೊಡನೆ ಒಳ್ಳೆಯ ಕಾಳನ್ನೂ ಕೊಚ್ಚಿಕೊಂಡುಹೋಯಿತು. ಕರುಳಿನ ಬ್ಯಾಕ್ಟೀರಿಯ ದೂರದ ಅಂಗಕ್ಕೆ ಕೇಡು ಮಾಡೀತೆಂಬ ಮಾತನ್ನಾಡಲು ಗಂಭೀರ ವೈದ್ಯರು ಬಹುಕಾಲ ಸಂಕೋಚಪಟ್ಟರು.

ಆ ಸಂಕೋಚವನ್ನು ಮುರಿದವರಲ್ಲಿ ಷೀಲಾ ಷರ್ಲಾಕ್ ಪ್ರಮುಖರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅವರೂ ಸಹೋದ್ಯೋಗಿಗಳೂ ೧೯೫೪ರಲ್ಲಿ ಪ್ರಕಟಿಸಿದ ಲೇಖನವು, ಯಕೃತ್ತಿನ ರೋಗಿಗಳ ಚಿತ್ತವಿಭ್ರಮವನ್ನು ಎಕ್‌ನ ನಾಯಿಗಳ ಸ್ಥಿತಿಯೊಡನೆ ಜೋಡಿಸಿತು. ಸಿರೋಸಿಸ್ ಎಂಬ ರೋಗದಲ್ಲಿ ಯಕೃತ್ತು ನಾರುಗಟ್ಟಿ ಗಂಟುಗಂಟಾಗುತ್ತದೆ. ದ್ವಾರಸಿರೆಯ ರಕ್ತವು ಒಳಹೊಗಲಾರದೆ ಅಡ್ಡದಾರಿಗಳನ್ನು ಹಿಡಿಯುತ್ತದೆ. ಶಸ್ತ್ರವೈದ್ಯನು ನಾಯಿಗೆ ಮಾಡಿದುದನ್ನು ರೋಗವು ಮನುಷ್ಯನಿಗೆ ತಾನಾಗಿ ಮಾಡಿತೆನ್ನಬಹುದು. ಹಾಗಿದ್ದಲ್ಲಿ, ಕರುಳಿನ ಬ್ಯಾಕ್ಟೀರಿಯಗಳನ್ನು ತಗ್ಗಿಸಿದರೆ ಬುದ್ಧಿ ತಿಳಿಯಾಗಬೇಕು. ಷರ್ಲಾಕರ ಬಳಗವು ಮೊದಲು ಕ್ಲೋರ್‌ಟೆಟ್ರಾಸೈಕ್ಲಿನ್, ಬಳಿಕ ೧೯೫೭ರಲ್ಲಿ ನಿಯೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳನ್ನು ಈ ಉದ್ದೇಶದಿಂದಲೇ ಪರೀಕ್ಷಿಸಿತು. ೧೯೬೬ರಲ್ಲಿ ಬಿರ್ಖರ್ ಮೊದಲಾದ ಸ್ವಿಸ್ ವೈದ್ಯರು ಲ್ಯಾಕ್ಟುಲೋಸ್ ಎಂಬ ಸಕ್ಕರೆಯನ್ನು ಬಳಕೆಗೆ ತಂದರು. ಇದೇ ನಮ್ಮ ಮಾವನವರು ಕುಡಿದ ಸಿಹಿಪಾನಕ. ಮನುಷ್ಯನು ಇದನ್ನು ಅರಗಿಸಿಕೊಳ್ಳಲಾರನು. ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಅದನ್ನು ಹುಳಿಯಾಗಿಸುತ್ತವೆ. ಹುಳಿಯಾದ ಕರುಳಿನಲ್ಲಿ ಅಮೋನಿಯವು ರಕ್ತಕ್ಕೆ ಇಳಿಯದಂಥ ರೂಪವನ್ನು ತಳೆದು ಮಲದೊಡನೆ ಹೊರಹೋಗುತ್ತದೆ. ಅತ್ತೆಯವರ ಪ್ರಶ್ನೆಗೆ ಉತ್ತರ ಇಷ್ಟೇ. ಗುಳಿಗೆಯ ಹೆಸರು ರಿಫಾಕ್ಸಿಮಿನ್; ಅದು ಕರುಳಿನಲ್ಲಿಯೇ ಉಳಿದು ರಕ್ತಕ್ಕೆ ಅತ್ಯಲ್ಪವಾಗಿ ಮಾತ್ರ ಸೇರುತ್ತದೆ. ೨೦೧೦ರಲ್ಲಿ ಪ್ರಕಟವಾದ, ೨೯೯ ರೋಗಿಗಳ ಒಂದು ಪರೀಕ್ಷೆಯಲ್ಲಿ, ಆರು ತಿಂಗಳೊಳಗೆ ಚಿತ್ತವಿಭ್ರಮವು ಮರುಕಳಿಸಿದ್ದು ಹುಸಿಗುಳಿಗೆ ನುಂಗಿದವರಲ್ಲಿ ಶೇಕಡ ೪೫.೯, ರಿಫಾಕ್ಸಿಮಿನ್ ನುಂಗಿದವರಲ್ಲಿ ಶೇಕಡ ೨೨.೧. ಅಮೋನಿಯದ ಹೊಣೆಯೆಲ್ಲ ಬ್ಯಾಕ್ಟೀರಿಯಗಳದೇ ಎನ್ನುವುದು ಮಾತ್ರ ಅತಿಯಾದೀತು. ಕರುಳಿನ ಗೋಡೆಯ ಜೀವಕೋಶಗಳು ಕೂಡ ಗ್ಲುಟಮಿನ್ ಎಂಬ ಪದಾರ್ಥವನ್ನು ಒಡೆದು ತಕ್ಕಮಟ್ಟಿಗೆ ಅಮೋನಿಯವನ್ನು ಹುಟ್ಟಿಸುತ್ತವೆ.

ಇಲ್ಲಿಯವರೆಗಿನದು ಕೆಟ್ಟುಹೋದ ಯಕೃತ್ತಿನ ಮಾತಾಯಿತು. ಯಕೃತ್ತು ಕೆಡುವುದರಲ್ಲಿಯೇ ಕರುಳಿನ ಜೀವಿಗಳ ಕೈವಾಡವುಂಟೆ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಇದಕ್ಕೆ ದೇಹದ ರಕ್ಷಣಾವ್ಯವಸ್ಥೆಯ ಪರಿಚಯ ಬೇಕಾಗುತ್ತದೆ. ಆ ಪರಿಚಯದ ಆದಿಯಲ್ಲಿಯೇ ಒಂದು ತಪ್ಪು ಗುರುತಿನ ಕಥೆಯಿದೆ. ೧೮೭೬ರಲ್ಲಿ ಜರ್ಮನ್ ಅಂಗರಚನಾಶಾಸ್ತ್ರಜ್ಞ ಕಾರ್ಲ್ ಕುಪ್ಫರ್, ಯಕೃತ್ತಿನ ನರಗಳನ್ನು ಹುಡುಕುತ್ತ ಚಿನ್ನದ ಲವಣದಿಂದ ಬಣ್ಣ ಹಾಕಿದಾಗ, ನಕ್ಷತ್ರಾಕಾರದ ಕೋಶಗಳನ್ನು ಕಂಡನು. ಇಪ್ಪತ್ತೆರಡು ವರ್ಷಗಳ ಬಳಿಕ, ರಕ್ತದಲ್ಲಿ ಹರಿಯಬಿಟ್ಟ ಕಣಗಳನ್ನು ನುಂಗುವ ಕೋಶಗಳನ್ನು ಯಕೃತ್ತಿನಲ್ಲಿ ನೋಡಿ, ಇವು ತಾನು ಹಿಂದೆ ಕಂಡ ನಕ್ಷತ್ರಕೋಶಗಳೇ ಎಂದು ತೀರ್ಮಾನಿಸಿದನು. ನುಂಗುವ ಕೋಶಗಳನ್ನು ಪೋಲೆಂಡಿನ ಬ್ರೊವಿಚ್ ಸರಿಯಾಗಿಯೇ ವರ್ಣಿಸಿದ್ದನು. ಆದರೆ ಹೆಸರು ಮಾತ್ರ ಕುಪ್ಫರನದಾಗಿ ನಿಂತಿತು. ೧೯೭೧ರಲ್ಲಿ ಜಪಾನಿನ ಕೆಂಜಿರೊ ವಾಕೆ ಕುಪ್ಫರನ ವಿಧಾನವನ್ನೇ ಮತ್ತೆ ಅನುಸರಿಸಿ, ಚಿನ್ನದ ಬಣ್ಣವನ್ನು ಹಿಡಿಯುವುವು ವಿಟಮಿನ್ ‘ಎ’ಯನ್ನು ಕೂಡಿಡುವ ಬೇರೊಂದು ಬಗೆಯ ಕೋಶಗಳೆಂದು ತೋರಿಸಿದನು. ಹೀಗೆ ಇಂದು ‘ಕುಪ್ಫರ್ ಕೋಶ’ಗಳೆನಿಸಿಕೊಳ್ಳುವುವು ಕುಪ್ಫರನು ಮೊದಲು ಕಂಡವಲ್ಲ, ಅವನು ಮೊದಲು ಕಂಡವು ಇಂದು ‘ನಕ್ಷತ್ರಕೋಶ’ಗಳೆಂಬ ಬೇರೆ ಹೆಸರಿನಿಂದ ನಡೆಯುತ್ತಿವೆ. ಶಾಸನದಲ್ಲಿ ಬರುವ ಒಂದೇ ಹೆಸರಿನ ಇಬ್ಬರು ರಾಜರನ್ನು ಒಬ್ಬನೆಂದೇ ಎಣಿಸಿ ವಂಶಾವಳಿಯನ್ನು ಕಟ್ಟಿದವರು ನಮ್ಮಲ್ಲಿಯೂ ಇದ್ದಾರೆ. ಈ ಎರಡು ಕೋಶಗಳ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದು ಬೇಕಾಗುತ್ತದೆ.

೧೮೯೨ರ ಸುಮಾರಿಗೆ ರಿಚರ್ಡ್ ಫೈಫರನು ಕಾಲರದ ಬ್ಯಾಕ್ಟೀರಿಯಗಳಲ್ಲಿ, ಅವು ಸತ್ತ ಮೇಲೂ ಉಳಿಯುವ ಒಂದು ವಿಷವನ್ನು ಗುರುತಿಸಿ ಎಂಡೋಟಾಕ್ಸಿನ್, ಅಂದರೆ ಒಳವಿಷ, ಎಂದು ಕರೆದಿದ್ದನು. ಇದು ಹಲವು ಬಗೆಯ ಬ್ಯಾಕ್ಟೀರಿಯಗಳ ಹೊರಪೊರೆಯ ಒಂದು ಅಂಶ, ಕರುಳಿನಲ್ಲಿ ಹೇರಳವಾಗಿರುತ್ತದೆ. ಕೋಲೀನ್ ಎಂಬ ಪೋಷಕಾಂಶವಿಲ್ಲದ ಆಹಾರವನ್ನು ಕೊಟ್ಟರೆ ಇಲಿಗಳಿಗೆ ಸಿರೋಸಿಸ್ ಬರುತ್ತದೆಂಬುದು ತಿಳಿದಿತ್ತು. ೧೯೫೭ರಲ್ಲಿ ಅಮೆರಿಕದ ರುಟೆನ್‌ಬರ್ಗ್ ಮೊದಲಾದವರು ಅಂಥ ಇಲಿಗಳಿಗೆ ನಿಯೋಮೈಸಿನನ್ನೂ ಕೊಟ್ಟು, ರೋಗವು ತಡೆಯಲ್ಪಡುವುದನ್ನು ಕಂಡರು. ೧೯೬೪ರಲ್ಲಿ ಬ್ರಾಯ್ಟ್‌ಮನ್ ಮತ್ತು ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋದರು: ನಿಯೋಮೈಸಿನ್ ತಿನ್ನುತ್ತಿದ್ದ ಇಲಿಗಳ ಕುಡಿಯುವ ನೀರಿಗೆ ಒಳವಿಷವನ್ನು ಬೆರೆಸಿದರು, ರಕ್ಷಣೆ ತಪ್ಪಿ ಸಿರೋಸಿಸ್ ಮರಳಿತು. ಆಹಾರದ ಕೊರತೆಯೊಂದೇ ಸಾಲದು, ಕರುಳಿನಿಂದ ಬರುವ ಏನೋ ಒಂದು ಅದಕ್ಕೆ ಕೂಡಬೇಕು ಎಂಬುದು ಇದರಿಂದ ತೋರಿಬಂದಿತು. ಈ ಜೋಡಿ ಪ್ರಯೋಗಗಳು ಇಡೀ ಶತಮಾನದ ಸಾಹಿತ್ಯದಲ್ಲಿ ಅತ್ಯಂತ ಸ್ವಚ್ಛವಾದುವೆಂದು ನನ್ನ ಅಭಿಪ್ರಾಯ. ಆದರೂ ಮುಂದಿನ ಮೂರು ದಶಕಗಳಲ್ಲಿ ಅವು ಮುಖ್ಯಪ್ರವಾಹವನ್ನು ಸೇರಲಿಲ್ಲ. ಒಳವಿಷವನ್ನು ದೇಹವು ಯಾವುದರಿಂದ ಗುರುತಿಸುತ್ತದೆಂಬುದೇ ಆಗ ತಿಳಿದಿರಲಿಲ್ಲವಾದುದು ಇದಕ್ಕೆ ಒಂದು ಕಾರಣ.

ಆ ಕೊರತೆ ೧೯೯೮ರಲ್ಲಿ ನೀಗಿತು. ಒಳವಿಷಕ್ಕೆ ಜಗ್ಗದ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಹುಡುಕುತ್ತಿದ್ದ ಬ್ರೂಸ್ ಬ್ಯೂಟ್ಲರನ ತಂಡವು, ಅದು ಜೀವಕೋಶದ ಮೇಲಿನ ‘ಟಿಎಲ್‌ಆರ್-೪’ ಎಂಬ ಗ್ರಾಹಕದ್ದೆಂದು ಕಂಡುಹಿಡಿಯಿತು. ನೊಣದಲ್ಲಿ ಇದರ ದಾಯಾದಿಯನ್ನು ಶೋಧಿಸಿದ್ದ ಹಾಫ್‌ಮನ್‌ನೊಡನೆ ಬ್ಯೂಟ್ಲರನು ೨೦೧೧ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಇಷ್ಟರಲ್ಲಿ, ೧೯೯೪-೯೫ರಲ್ಲಿಯೇ, ಮದ್ಯ ಕುಡಿಸಿದ ಇಲಿಗಳಲ್ಲಿ ಕುಪ್ಫರ್ ಕೋಶಗಳನ್ನು ನಿಷ್ಕ್ರಿಯಗೊಳಿಸಿದರೂ, ಕರುಳಿನ ಬ್ಯಾಕ್ಟೀರಿಯಗಳನ್ನು ಆಂಟಿಬಯಾಟಿಕ್‌ಗಳಿಂದ ಅಡಗಿಸಿದರೂ ಯಕೃತ್ತಿನ ಹಾನಿ ತಗ್ಗುವುದು ಗೊತ್ತಾಗಿತ್ತು. ಮದ್ಯವು ಕರುಳಿನ ತಡೆಯನ್ನು ಸಡಿಲಿಸುತ್ತದೆ, ಒಳವಿಷ ನುಸುಳುತ್ತದೆ, ಕಾವಲಿನ ಕುಪ್ಫರ್ ಕೋಶಗಳು ಕೆರಳಿ ಉರಿಯೂತವನ್ನೆಬ್ಬಿಸುತ್ತವೆ. ಹಾಗಾದರೆ ನಾರುಗಟ್ಟುವಿಕೆಗೂ ಕುಪ್ಫರ್ ಕೋಶಗಳೇ ಒಳವಿಷದ ಗುರಿಯಾಗಿರಬೇಕೆಂದು ಯಾರೂ ಊಹಿಸಿಯಾರು. ೨೦೦೭ರಲ್ಲಿ ಪ್ರಕಟವಾದ ಪ್ರಯೋಗವು ಆ ಊಹೆಯನ್ನು ತಲೆಕೆಳಗು ಮಾಡಿತು. ಇಲಿಗಳಲ್ಲಿ ನಾರುಗಟ್ಟುವಿಕೆಗೆ ಅಗತ್ಯವಾದುದು ಕುಪ್ಫರ್ ಕೋಶಗಳ ಮೇಲಿನ ಗ್ರಾಹಕವಲ್ಲ, ನಕ್ಷತ್ರಕೋಶಗಳ ಮೇಲಿನ ಗ್ರಾಹಕ. ಕುಪ್ಫರನು ಮೊದಲು ಕಂಡ, ಬಳಿಕ ತಪ್ಪಾಗಿ ಗುರುತಿಸಿದ ಆ ಕೋಶಗಳೇ ಒಳವಿಷದ ಕರೆಗೆ ಓಗೊಟ್ಟು ನಾರನ್ನು ನೇಯುವುವು.

ಕಾವಲುಗಾರನು ಪ್ರತಿಯೊಬ್ಬನ ಮೇಲೂ ಕೋಲೆತ್ತಿದರೆ ಊರು ನಡೆಯದು. ಪ್ರತಿದಿನವೂ ಅನ್ನದ ಮತ್ತು ಬ್ಯಾಕ್ಟೀರಿಯಗಳ ಚೂರುಪಾರುಗಳನ್ನು ಎದುರಿಸುವ ಯಕೃತ್ತಿಗೆ ಸಹನೆ ಸಹಜಗುಣ. ೧೯೬೭ರಲ್ಲಿ ಕ್ಯಾಂಟರ್ ಮತ್ತು ಡ್ಯೂಮಾಂಟ್ ಎಂಬವರು ಎಕ್‌ನ ಶಸ್ತ್ರಕ್ರಿಯೆಯನ್ನೇ ನಾಯಿಗಳಲ್ಲಿ ಮಾಡಿ, ಬಾಯಿಯಿಂದ ಕೊಟ್ಟ ಪರಕೀಯ ವಸ್ತುವಿಗೆ ದೇಹವು ಸಾಮಾನ್ಯವಾಗಿ ತೋರುವ ಸಹನೆಯು ಆಗ ಇಲ್ಲವಾಗುವುದನ್ನು ಕಂಡರು. ೧೯೬೯ರಲ್ಲಿ ರಾಯ್ ಕಾನ್ ಮತ್ತವರ ತಂಡವು, ಹಂದಿಗಳಲ್ಲಿ ಕಸಿಮಾಡಿದ ಯಕೃತ್ತನ್ನು ದೇಹವು ಔಷಧವಿಲ್ಲದೆಯೇ ಹಲವೊಮ್ಮೆ ಒಪ್ಪಿಕೊಳ್ಳುವುದನ್ನು ವರದಿಮಾಡಿತು. ಅದೇ ಪ್ರಾಣಿಗಳ ಚರ್ಮಕ್ಕಾಗಲಿ ಮೂತ್ರಪಿಂಡಕ್ಕಾಗಲಿ ಈ ಭಾಗ್ಯವು ಸಾಮಾನ್ಯವಾಗಿ ಇರುವುದಿಲ್ಲ. ಸಹನೆಯು ಎಲ್ಲಿ ಮುಗಿದು ಕೆರಳಿಕೆಯು ಎಲ್ಲಿ ಆರಂಭವಾಗುತ್ತದೆಂಬುದೇ ಇಂದಿನ ಸಂಶೋಧನೆಯ ತಿರುಳು.

ಕಳೆದ ಇಪ್ಪತ್ತು ವರ್ಷಗಳಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸದೆಯೇ, ಅವುಗಳ ಡಿಎನ್‌ಎಯನ್ನು ಓದಿ, ಕರುಳಿನ ಜನಗಣತಿಯನ್ನು ಮಾಡುವುದು ಸಾಧ್ಯವಾಗಿದೆ. ೨೦೧೪ರಲ್ಲಿ ಚೀನದ ವಿಜ್ಞಾನಿಗಳು ಸಿರೋಸಿಸ್ ಇರುವ ೯೮ ಮಂದಿಯನ್ನೂ ಆರೋಗ್ಯವಂತರಾದ ೮೩ ಮಂದಿಯನ್ನೂ ಹೋಲಿಸಿದರು. ರೋಗಿಗಳಲ್ಲಿ ಹೆಚ್ಚಾಗಿದ್ದ ಬ್ಯಾಕ್ಟೀರಿಯ ಜಾತಿಗಳಲ್ಲಿ, ಹೆಸರು ಹಚ್ಚಲಾದವುಗಳ ಪೈಕಿ, ಅರ್ಧಕ್ಕಿಂತ ಹೆಚ್ಚಿನವು ಬಾಯಿಯ ನಿವಾಸಿಗಳು. ಆಶ್ಚರ್ಯಕರವಾದ ಸಂಗತಿಯೇ ಸರಿ. ಆದರೆ ಇಲ್ಲಿ ನಮ್ಮ ವಿದ್ಯಾರ್ಥಿಗಳು ತಮ್ಮ ಪಾಠವನ್ನು ನೆನೆಯಬೇಕು: ಎರಡು ಘಟನೆಗಳು ಸಮಕಾಲೀನವಾದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದು. ಯಕೃತ್ತು ಕೆಟ್ಟರೆ ಪಿತ್ತ ಕಡಮೆಯಾಗುತ್ತದೆ, ಪಿತ್ತವು ಬ್ಯಾಕ್ಟೀರಿಯಗಳಿಗೆ ಹಗೆ. ಜಠರದ ಆಮ್ಲವನ್ನು ತಗ್ಗಿಸುವ ಗುಳಿಗೆಗಳನ್ನು ನುಂಗುವವರಲ್ಲಿಯೂ ಬಾಯಿಯ ಬ್ಯಾಕ್ಟೀರಿಯಗಳು ಕರುಳಿಗಿಳಿಯುತ್ತವೆ. ರೋಗವು ವಲಸೆಯನ್ನು ತಂದಿತೋ ವಲಸೆಯು ರೋಗವನ್ನು ತಂದಿತೋ, ಗಣತಿಯೊಂದರಿಂದ ತಿಳಿಯದು.

ಕಾರಣವನ್ನು ಹೆಚ್ಚು ಹತ್ತಿರದಿಂದ ಹಿಡಿದದ್ದು ೨೦೧೯ರ ಒಂದು ಸಂಶೋಧನೆ. ಮದ್ಯದಿಂದ ಯಕೃತ್ತು ಉರಿಯೂತಕ್ಕೊಳಗಾದ ರೋಗಿಗಳ ಕರುಳಿನಲ್ಲಿ ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯವು ಅತಿಯಾಗಿತ್ತು. ಅದರ ಕೆಲವು ತಳಿಗಳು ಸೈಟೊಲೈಸಿನ್ ಎಂಬ, ಜೀವಕೋಶಗಳನ್ನು ಒಡೆಯುವ ವಿಷವನ್ನು ಮಾಡುತ್ತಿದ್ದವು. ಆ ವಿಷದ ಜೀನ್ ಕಂಡುಬಂದ ರೋಗಿಗಳಲ್ಲಿ ೧೮೦ ದಿನಗಳೊಳಗೆ ಶೇಕಡ ೮೯ ಮಂದಿ ತೀರಿಕೊಂಡರು. ಕಂಡುಬರದವರಲ್ಲಿ ಶೇಕಡ ೩.೮. ರೋಗಿಗಳ ಸಂಖ್ಯೆ ದೊಡ್ಡದಲ್ಲವಾದುದರಿಂದ ಈ ಅಂಕಿಗಳನ್ನು ಎಚ್ಚರದಿಂದ ಎತ್ತಿಕೊಳ್ಳಬೇಕು. ಸಂಶೋಧಕರು ಇಷ್ಟಕ್ಕೆ ನಿಲ್ಲದೆ, ರೋಗಿಗಳ ಕರುಳಿನ ಜೀವಿಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ಈ ಒಂದು ಬ್ಯಾಕ್ಟೀರಿಯವನ್ನೇ ಕೊಲ್ಲುವ ವೈರಸ್‌ಗಳನ್ನು ಬಿಟ್ಟರು. ಇಲಿಗಳ ಯಕೃತ್ತು ಮದ್ಯದ ಹಾನಿಯಿಂದ ಪಾರಾಯಿತು. ಒಬ್ಬ ಅಪರಾಧಿಯನ್ನು ತೆಗೆದರೆ ಅಪರಾಧ ನಿಲ್ಲುತ್ತದೆಂದು ತೋರಿಸುವ ಈ ಕ್ರಮವು ಬೂಶಾರನ ಕಾಲದವರಿಗೆ ಲಭ್ಯವಿರಲಿಲ್ಲ.

ಇನ್ನೊಂದು ಚಿಕಿತ್ಸೆಯ ಪ್ರಸ್ತಾಪ ಮಾಡಬೇಕು. ಮಡಿವಂತ ಓದುಗರು ಮನ್ನಿಸಬೇಕು. ಆರೋಗ್ಯವಂತನ ಮಲದಿಂದ ಸಿದ್ಧಪಡಿಸಿದ ದ್ರಾವಣವನ್ನು ರೋಗಿಯ ಕರುಳಿಗೆ ಸೇರಿಸಿ, ಅಲ್ಲಿಯ ಜೀವಿಸಮಾಜವನ್ನೇ ಬದಲಾಯಿಸುವುದು ಇದರ ರೀತಿ. ದೆಹಲಿಯ ಯಕೃತ್ ಮತ್ತು ಪಿತ್ತವಿಜ್ಞಾನ ಸಂಸ್ಥೆಯ ವೈದ್ಯರು ೨೦೧೭ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮದ್ಯಜನ್ಯ ಉರಿಯೂತವು ತೀವ್ರವಾಗಿದ್ದು ಸ್ಟೀರಾಯ್ಡ್ ಔಷಧವನ್ನು ಕೊಡಲಾಗದಿದ್ದ ಎಂಟು ಮಂದಿಗೆ ಏಳು ದಿನ ಈ ಚಿಕಿತ್ಸೆಯಾಯಿತು. ಒಂದು ವರ್ಷದ ಕೊನೆಗೆ ಎಂಟರಲ್ಲಿ ಏಳು ಮಂದಿ ಬದುಕಿದ್ದರು. ಹೋಲಿಕೆಗೆ ತೆಗೆದುಕೊಂಡದ್ದು ಹಿಂದೆ ಅದೇ ರೋಗಕ್ಕೆ ಚಿಕಿತ್ಸೆ ಪಡೆದಿದ್ದ ಹದಿನೆಂಟು ಮಂದಿಯ ದಾಖಲೆ. ಅವರಲ್ಲಿ ಮೂರನೆಯ ಒಂದು ಪಾಲು ಮಾತ್ರ ವರ್ಷವನ್ನು ದಾಟಿದ್ದರು. ವೈದ್ಯರು ಇಂಥ ಹೋಲಿಕೆಯನ್ನು ‘ಐತಿಹಾಸಿಕ’ ಎನ್ನುತ್ತಾರೆ, ಮತ್ತು ಆ ಮಾತನ್ನು ಹೊಗಳಿಕೆಯಾಗಿ ಆಡುವುದಿಲ್ಲ! ಹಿಂದಿನವರು ಬೇರೆ ಕಾಲದಲ್ಲಿ, ಬೇರೆ ಆರೈಕೆಯಲ್ಲಿ ಇದ್ದವರು. ಚೀಟಿ ಎತ್ತಿ ಎರಡು ಗುಂಪು ಮಾಡಿದಂತೆ ಇದಾಗದು. ನನ್ನ ಶಾಸ್ತ್ರದ ಹೆಸರು ಇನ್ನೊಂದು ಶಾಸ್ತ್ರದಲ್ಲಿ ದುರ್ಬಲ ಸಾಕ್ಷ್ಯಕ್ಕೆ ಸಂಕೇತವಾಗಿರುವುದು ಸ್ವಲ್ಪ ಮುಜುಗರವನ್ನು ತಂದರೂ, ಅವರ ಮಾತು ನ್ಯಾಯವೆಂದು ಒಪ್ಪಬೇಕಾಗುತ್ತದೆ.

ಈ ಎಚ್ಚರಿಕೆ ಬರಿಯ ತರ್ಕದ್ದಲ್ಲವೆಂಬುದು ೨೦೧೯ರಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ ಒಬ್ಬನೇ ದಾನಿಯಿಂದ ಬಂದ ಸಾಮಗ್ರಿಯನ್ನು ಬೇರೆ ಬೇರೆ ಪರೀಕ್ಷೆಗಳಲ್ಲಿ ಪಡೆದಿದ್ದ ಇಬ್ಬರು ರೋಗಿಗಳ ರಕ್ತದಲ್ಲಿ, ಹಲವು ಆಂಟಿಬಯಾಟಿಕ್‌ಗಳಿಗೆ ಜಗ್ಗದ ಒಂದೇ ಬಗೆಯ ಬ್ಯಾಕ್ಟೀರಿಯ ಕಾಣಿಸಿಕೊಂಡಿತು. ಒಬ್ಬನು ಸಿರೋಸಿಸ್ ರೋಗಿ, ಅವನು ಚೇತರಿಸಿಕೊಂಡನು. ರಕ್ತದ ಕಾಯಿಲೆಗಾಗಿ ಅಸ್ಥಿಮಜ್ಜೆಯ ಚಿಕಿತ್ಸೆಗೊಳಗಾಗಿದ್ದ ಇನ್ನೊಬ್ಬನು ಸತ್ತನು. ಅಂದಿನಿಂದ ದಾನಿಗಳನ್ನು ಇಂಥ ಬ್ಯಾಕ್ಟೀರಿಯಗಳಿಗಾಗಿ ಮೊದಲೇ ಪರೀಕ್ಷಿಸುವುದು ಅಲ್ಲಿ ಕಡ್ಡಾಯವಾಗಿದೆ. ಸಿರೋಸಿಸ್‌ಗಾಗಲಿ ಮದ್ಯಜನ್ಯ ಉರಿಯೂತಕ್ಕಾಗಲಿ ಈ ಚಿಕಿತ್ಸೆಯು ಇನ್ನೂ ಪರೀಕ್ಷೆಯ ಹಂತವನ್ನು ದಾಟಿಲ್ಲ. ಚಿತ್ತವಿಭ್ರಮದ ರೋಗಿಗೆ ವೈದ್ಯರು ಮೊದಲು ಬರೆದುಕೊಡುವುದು, ನಮ್ಮ ಮಾವನವರಿಗೆ ಬರೆದಂತೆಯೇ, ೧೯೬೬ರ ಆ ಸಿಹಿಪಾನಕವನ್ನೇ.